ಸಪೂರ ದೋಣಿ

ಉದ್ದ ಮೂವತ್ತೆಂಟು ಅಡಿ, ಅಗಲ ಆರೂಮುಕ್ಕಾಲು
ಎಂದ ಫೋನಿನಲ್ಲಿ ಉತ್ತಮನ್.
ದೊಡ್ಡ ಮನೆದೋಣಿಗಳು ಕಾಯಲಿನಲ್ಲೇ ತಿರುಗುತ್ತವಂತೆ,
ಇದು ಸಪೂರ, ಸಂದಿಗೊಂದಿಯ ತೋಡಿಗೂ ನುಗ್ಗುತ್ತದೆ,
ದಡದಲ್ಲಿ ಪಾತ್ರೆ ಬೆಳಗುವವರೊಡನೆ ಮಾತಾಡುತ್ತಾ ಹೋಗಬಹುದು.
ಎರಡು ರಾತ್ರಿ. ಆರು ಜನ.
ಅರ್ಧ ಮಲಯಾಳ, ಅರ್ಧ ಕನ್ನಡ, ಮಿಕ್ಕಿದ್ದು ಬರೀ ನಗು.

ನಾನು ದರ್ಜಿ. ಅಳತೆ ಕೇಳಿದರೆ ಸಾಲದು,
ಗೆರೆ ಎಳೆದು ನೋಡಬೇಕು.
ಊಟ ಮುಗಿದ ಮೇಲೆ ಕುರ್ಚಿಗಳನ್ನು ಗೋಡೆಗೆ ಸರಿಸಿ
ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲಿ
ಕಾವಿನೆಲದ ಮೇಲೆ ದೋಣಿ ಬರೆದೆ.
ಅಡುಗೆಮನೆಯ ಒಲೆಬುಡದಿಂದ ಹೊರಟಿತು,
ನಡುಮನೆ ದಾಟಿತು, ಹೊಸ್ತಿಲು ದಾಟಿತು,
ಜಗಲಿಯಲ್ಲೂ ಮುಗಿಯಲಿಲ್ಲ,
ಮೂತಿ ಹೋಗಿ ನಿಂತದ್ದು ಅಂಗಳದ ಕೋಳಿಗೂಡಿನ ಹತ್ತಿರ.

"ಇಷ್ಟೇ ಅಗಲವಾ?" ಎಂದ ಹೂವಯ್ಯ.
"ನಿಮ್ಮ ಪಿಕಪ್ಪಿಗಿಂತ ಒಂದಡಿ ಜಾಸ್ತಿ."
ಸುಮ್ಮನಾದ. ಆಮೇಲೆ ಶುರು:
ರಿವರ್ಸ್ ಇದೆಯಾ ಅದಕ್ಕೆ?
ಎದುರಿಂದ ಇನ್ನೊಂದು ಬಂದರೆ ಹಿಂದೆ ಸರಿಯುವವರು ಯಾರು?
ಮಾಕುಟ್ಟ ಘಾಟಿಯಲ್ಲಾದರೆ
ಹತ್ತುವವನಿಗೆ ದಾರಿ ಬಿಡುತ್ತೇವೆ,
ನೀರಿನಲ್ಲಿ ಹತ್ತುವವನು ಯಾರು, ಇಳಿಯುವವನು ಯಾರು?

ಜಶ್ಮಿತ ಒಳಗೆಲ್ಲ ಹೆಸರು ಬರೆದಳು:
ಅಡುಗೆ, ಮಲಗುವುದು, ಕಕ್ಕಸು.
ಕಕ್ಕಸು ದೇವರ ಪಟದ ನೇರ ಕೆಳಗೆ ಬಂದು
ಅಳಿಸಿ ನಾಲ್ಕು ಗೇಣು ಸರಿಸಿದ್ದಾಯಿತು.
ತನುಷ್ ಮೂತಿಯಲ್ಲಿ ಅಂಗಾತ ಮಲಗಿ
ಇದು ನನ್ನ ಜಾಗ, ಯಾರೂ ಬರಬೇಡಿ ಎಂದ,
ಕೋಳಿ ಬಂದು ಅವನ ಹೆಬ್ಬೆರಳು ಕುಕ್ಕಿತು.
ಬಸ್ಸಿನಲ್ಲಿ ಮೂರನೇ ತಿರುವಿಗೇ ಲಿಂಬೆಹಣ್ಣು ಮೂಸುವ ದಮಯಂತಿ ಅತ್ತಿಗೆ
ಗೆರೆಯೊಳಗೆ ಕುಳಿತಳೋ ಇಲ್ಲವೋ
"ತಲೆ ತಿರುಗ್ತದೆ" ಎಂದಳು.

ಹೊರಡುವುದು ಬೆಳಕು ಹರಿದ ಮೇಲೆ,
ಅದಕ್ಕೆ ಮುಂಚೆ ತೋಟದ ದಾರಿ ಆನೆಗಳದ್ದು.
ವಿರಾಜಪೇಟೆ, ಇರಿಟ್ಟಿ, ಕಣ್ಣೂರಿನಿಂದ ರೈಲು.
ಮೀನು ಅಲ್ಲೇ ಸಿಗುತ್ತದೆ, ಕಾಚಂಪುಳಿ ಸಿಗುವುದಿಲ್ಲ,
ಒಂದು ಸೀಸೆ ಇಲ್ಲಿಂದಲೇ.
ಶಾಲೆಯ ಯೂನಿಫಾರ್ಮು ಹೊಲಿಗೆಗೆ ಬರುವುದರೊಳಗೆ
ಹೋಗಿ ಬಂದುಬಿಡಬೇಕು,
ಮುಂಗಡ ಕೊಟ್ಟದ್ದೇ ಹೋದ ವರ್ಷದ
ನಲವತ್ತೆರಡು ಜೊತೆ ಚಡ್ಡಿ ಅಂಗಿಯ ದುಡ್ಡು.

ಅತ್ತೆ ಗೆರೆಯಾಚೆ ಮಣೆ ಹಾಕಿಕೊಂಡು
ಕುಳಿತಿದ್ದರು ಇಷ್ಟು ಹೊತ್ತೂ.
"ನಾನು ದೋಣಿ ಹತ್ತಿದ್ದೇನೆ" ಎಂದರು.
ಯಾರೂ ಮಾತಾಡಲಿಲ್ಲ.
ಕರಡಿಗೋಡಿನಲ್ಲಿ ಮನೆ ಕಟ್ಟಿದವರಿಗೆ
ಕಾವೇರಿ ಬಂದುಹೋದ ಗುರುತು ಗೋಡೆಯ ಮೇಲಿರುತ್ತದೆ,
ನಮ್ಮದು ಸ್ವಿಚ್ಚಿನ ಪೆಟ್ಟಿಗೆಗಿಂತ ಎರಡು ಬೆರಳು ಮೇಲೆ,
ಎಷ್ಟು ಸುಣ್ಣ ಬಳಿದರೂ ಕಂದು.
ಕಿಟಕಿಯಿಂದ ಅವರನ್ನು ರಬ್ಬರ್ ದೋಣಿಗೆ ಇಳಿಸಿದ್ದರು,
ಮಡಿಲಲ್ಲಿ ಒಂದು ಹೇಂಟೆ, ಬ್ಲೌಸಿನೊಳಗೆ ರೇಷನ್ ಕಾರ್ಡು.

"ಇದಕ್ಕೆ ಎಷ್ಟು?"
"ರಾತ್ರಿಗೆ ಏಳು ಸಾವಿರ."
"ಆವತ್ತು ಪುಕ್ಕಟೆ ಹತ್ತಿಸಿದ್ದರಪ್ಪ."

ಮೊದಲು ನಕ್ಕದ್ದು ಹೂವಯ್ಯ, ಆಮೇಲೆ ಎಲ್ಲರೂ.
ಅವರು ಮಾತ್ರ ನಗದೆ ಎದ್ದರು,
ಸೀರೆಯ ಅಂಚನ್ನು ಕಣಕಾಲಿನ ಮೇಲೆತ್ತಿ
ನೀಲಿ ಗೆರೆಯನ್ನು ಮುಟ್ಟದೆ, ಮೆಲ್ಲನೆ,
ಮೊಮ್ಮಗಳ ಕೈ ಹಿಡಿದು ಒಳಗೆ ಕಾಲಿಟ್ಟರು.
ದೋಣಿಯ ನಟ್ಟನಡುವೆ ಕುಳಿತು
ಎರಡೂ ಅಂಗೈ ನೆಲಕ್ಕೆ ಊರಿದರು.
"ಅಲ್ಲಿ ನೀರು ಎಷ್ಟು ಆಳ?"
"ಎದೆಮಟ್ಟವಂತೆ, ಅತ್ತೆ."
"ಯಾರ ಎದೆ?"

ಉತ್ತಮನ್ ಅದನ್ನು ಹೇಳಿರಲಿಲ್ಲ.
ಅವರನ್ನು ನಿಲ್ಲಿಸಿ,
ಟೇಪಿನ ತುದಿಯನ್ನು ಹೆಬ್ಬೆರಳಿನಿಂದ ನೆಲಕ್ಕೆ ಒತ್ತಿ ಹಿಡಿದು
ಹಿಮ್ಮಡಿಯಿಂದ ಮೇಲಕ್ಕೆ ಅಳೆದೆ.
ಮೂರಡಿ ಐದಿಂಚು.
ಬ್ಲೌಸುಗಳ ಪುಸ್ತಕದಲ್ಲಿ, ಖಾಲಿಯಿದ್ದ ಒಂದು ಸಾಲಿನಲ್ಲಿ
ಬರೆದುಕೊಂಡೆ,
ನಾಳೆ ಬೆಳಗ್ಗೆ ಫೋನು ಮಾಡಿ
ಕೇಳಬೇಕು.